‘ರಜನಿ’ ಅಂತಲೇ ಕರೆಸಿಕೊಂಡ ಪ್ರಿಯಾ

(ಮಹಿಳಾ ವಿಭಾಗದ ತಿಂಗಳ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಈ ಸಲದ ವಿಷಯ ‘ಕಿರುತೆರೆಯ ಯುವ ಕಲಾವಿದೆ: ಬದುಕು ಮತ್ತು ವೃತ್ತಿ’. ನಾನು ಮಾತಾಡಬೇಕು ಅಂತ ಗೊತ್ತಾದ ಕೂಡಲೇ ನಮ್ಮ ಹುಡುಗಿಯರು ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದರು. ಹಿಂದಿ ಧಾರಾವಾಹಿಯವರು, ಮರಾಠಿಯವರು, ಬೆಂಗಳೂರಿನವರು, ಎಲ್ಲ ಸೇರಿ ಹತ್ತು ಹನ್ನೆರಡು ಹೆಸರು. ಎಲ್ಲರೂ ಚೆಂದದವರೇ, ಕೆಲಸ ಬಲ್ಲವರೇ. ಆದರೆ ನನ್ನ ಮನಸ್ಸು 1985ಕ್ಕೆ ಹೋಗಿ ನಿಂತಿತು. ಆಗ ಮೂವತ್ತು ವರ್ಷದ ಒಬ್ಬ ಹೆಣ್ಣುಮಗಳು ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬಂದು, ಒಂದು ಕೌಂಟರಿನ ಮುಂದೆ ನಿಂತು, “ಯಾಕೆ?” ಅಂತ ಕೇಳಿದಳು. ಅವಳು ಪ್ರಿಯಾ ತೆಂಡೂಲ್ಕರ್. ಧಾರಾವಾಹಿ ‘ರಜನಿ’. ಇಲ್ಲಿ ಕೂತಿರುವ ಅರವತ್ತು ದಾಟಿದವರ ಮುಖದಲ್ಲಿ ಆಗಲೇ ನಗು ಕಾಣುತ್ತಿದೆ. ಚಿಕ್ಕವರು ಸ್ವಲ್ಪ ತಾಳ್ಮೆಯಿಂದ ಕೇಳಿ. ಅವರಿಗೂ ನಮ್ಮ ಕನ್ನಡಕ್ಕೂ ಇರುವ ನಂಟನ್ನೂ ಹೇಳುತ್ತೇನೆ.

ಆ ಕಾಲದ ಟೀವಿ ಹೇಗಿತ್ತು ಅಂತ ಮೊದಲು ಹೇಳಬೇಕು. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ಕ್ಕೆ. ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ. ಮೊದಲ ದೊಡ್ಡ ಧಾರಾವಾಹಿ ‘ಹಮ್ ಲೋಗ್’ 1984ರ ಜುಲೈಯಲ್ಲಿ ಬಂತು. ಅಂದರೆ ‘ರಜನಿ’ ಬಂದಾಗ ಧಾರಾವಾಹಿ ಅನ್ನುವ ವಸ್ತುವಿಗೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಚಾನೆಲ್ ಬದಲಾಯಿಸುವ ಪ್ರಶ್ನೆಯೇ ಇರಲಿಲ್ಲ, ಬದಲಾಯಿಸಿ ಹೋಗುವುದಾದರೂ ಎಲ್ಲಿಗೆ! ಒಂದು ಪಾತ್ರ ಜನರಿಗೆ ಹಿಡಿಸಿತು ಅಂದರೆ ಇಡೀ ದೇಶಕ್ಕೆ ಒಟ್ಟಿಗೇ ಹಿಡಿಸುತ್ತಿತ್ತು.

ನಿರ್ದೇಶಕರು ಬಾಸು ಚಟರ್ಜಿ. ‘ರಜನೀಗಂಧಾ’, ‘ಛೋಟೀ ಸೀ ಬಾತ್’ ತೆಗೆದವರು. ಬಸ್‌ಸ್ಟಾಪು, ಆಫೀಸು, ಲೋಕಲ್ ರೈಲು, ಎರಡು ಕೋಣೆಯ ಮನೆ, ಇಷ್ಟರಲ್ಲೇ ಅವರು ಕತೆ ಹುಡುಕುತ್ತಿದ್ದರು. ರಜನಿಯೂ ಅಂಥವಳೇ. ಪೊಲೀಸ್ ಅಲ್ಲ, ವಕೀಲೆ ಅಲ್ಲ, ಲೀಡರ್ ಅಲ್ಲ. ಗಂಡ, ಮಗು ಇರುವ ಗೃಹಿಣಿ. ಗ್ಯಾಸ್ ಸಿಲಿಂಡರ್ ಹೊತ್ತಿಗೆ ಬರಲಿಲ್ಲವೋ, ಟ್ಯಾಕ್ಸಿಯವನು ಬರಲ್ಲ ಅಂದನೋ, ಸರ್ಕಾರಿ ಆಫೀಸಿನಲ್ಲಿ ಕೆಲಸ ಆಗಲಿಲ್ಲವೋ, ನಾವೆಲ್ಲ ‘ಹೋಗಲಿ ಬಿಡಿ’ ಅಂತ ಮನೆಗೆ ಬರುವ ಜಾಗದಲ್ಲಿ ಅವಳು ನಿಂತುಬಿಡುತ್ತಿದ್ದಳು. ಕೂಗಾಡುತ್ತಿರಲಿಲ್ಲ. ನಿಯಮ ಏನು, ಯಾರು ಮಾಡಿದ್ದು, ಎಲ್ಲಿ ಬರೆದಿದೆ ತೋರಿಸಿ, ಇಷ್ಟೇ.

ಆಗ ನಾವು ಡೊಂಬಿವಲಿಯಲ್ಲಿದ್ದೆವು. ನನ್ನ ಮದುವೆಯಾಗಿ ವರ್ಷವಾಗಿತ್ತು. ನಮ್ಮ ಅತ್ತೆಯವರು ಧಾರವಾಡದ ಕಡೆಯವರು, ಹಿಂದಿ ಒಂದಕ್ಷರ ಬಾರದು. ಭಾನುವಾರ ಬೆಳಿಗ್ಗೆ ಎದುರುಮನೆಯ ಗುಜರಾತಿಯವರಲ್ಲಿ ಟೀವಿ ನೋಡಲು ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದವರು ಅವರೇ. ನಾನು ಪಕ್ಕದಲ್ಲಿ ಕೂತು ಅನುವಾದ ಮಾಡಬೇಕು. “ಈಗ ಏನ್ ಕೇಳಿದ್ಲು? ಅಂವಾ ಏನಂದ?” ಎರಡು ಮೂರು ವಾರ ಆದ ಮೇಲೆ ಅನುವಾದ ಬೇಕಾಗಲಿಲ್ಲ. “ಬರೋಬ್ಬರಿ ಕೇಳಿದ್ಲು ನೋಡು” ಅಂತ ತಾವೇ ತೀರ್ಪು ಕೊಡುತ್ತಿದ್ದರು.

ಅದೇ ವರ್ಷ ನಮ್ಮ ಬಿಲ್ಡಿಂಗಿಗೆ ಸಿಲಿಂಡರ್ ಬರುವುದು ತಡವಾಗುತ್ತಲೇ ಹೋಯಿತು. ಬಂದಾಗಲೂ ತರುವವನಿಗೆ ಮೇಲೆ ಐದೋ ಹತ್ತೋ ಕೊಡಬೇಕು. ಒಂದು ದಿನ ನಾಲ್ಕು ಮನೆಯ ಹೆಂಗಸರು ಸೇರಿ ಏಜೆನ್ಸಿಗೆ ಹೋದೆವು. ಅತ್ತೆಯವರೂ ಬಂದರು, ಬೇಡ ಅಂದರೂ ಕೇಳಲಿಲ್ಲ. ನಮ್ಮ ಮರಾಠಿ ಮಾವಶಿ ದೂರಿನ ಪುಸ್ತಕ ಕೇಳಿದರು. ಕೌಂಟರಿನವನು ನಕ್ಕು, “ಕ್ಯಾ, ರಜನಿ ಬನ್ನೇ ಆಯೀ ಹೋ?” ಅಂದ. ಅಂಗಡಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಅತ್ತೆಯವರಿಗೆ ಆ ವಾಕ್ಯದಲ್ಲಿ ‘ರಜನಿ’ ಅನ್ನುವುದೊಂದೇ ತಿಳಿದದ್ದು. ಅದು ಬೈಗಳ ಅಂತ ಅವರಿಗೆ ಅನ್ನಿಸಲೇ ಇಲ್ಲ. “ಹೌದು, ರಜನಿ. ಪುಸ್ತಕ ಕೊಡು. ಸಿಲಿಂಡರ್ ತೂಗಿ ಕೊಡು,” ಅಂತ ಧಾರವಾಡದ ಕನ್ನಡದಲ್ಲೇ ಹೇಳಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಪುಸ್ತಕ ಬಂತು. ಸಿಲಿಂಡರ್ ಮೂರನೇ ದಿನ ಬಂತು. ತೂಕ ಮಾತ್ರ ಅವತ್ತು ಯಾರೂ ಹಾಕಿ ತೋರಿಸಲಿಲ್ಲ. (ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು, ಇವತ್ತೂ ಕೇಳಿ ತೂಗಿಸಿಕೊಳ್ಳಬಹುದು. ಎಷ್ಟು ಜನ ತೂಗಿಸುತ್ತೀರಿ, ಕೈ ಎತ್ತಿ ನೋಡೋಣ. ಇಬ್ಬರು! ಇರಲಿ.)

ನಮ್ಮಂಥವರಿಗೆ ರಜನಿ ಒಂದು ಅರ್ಧ ಗಂಟೆಯ ಧೈರ್ಯ. ಆದರೆ ಅದನ್ನು ಮಾಡಿದ ಹುಡುಗಿ ಯಾರು, ಎಲ್ಲಿಂದ ಬಂದಳು ಅಂತ ಆಗ ನಾನೂ ಯೋಚಿಸಿರಲಿಲ್ಲ.

ಪ್ರಿಯಾ ಹುಟ್ಟಿದ್ದು 1954ರ ಅಕ್ಟೋಬರ್ 19ರಂದು. ತಂದೆ ವಿಜಯ ತೆಂಡೂಲ್ಕರ್. ‘ಶಾಂತತಾ! ಕೋರ್ಟ್ ಚಾಲೂ ಆಹೇ’, ‘ಸಖಾರಾಮ್ ಬೈಂಡರ್’, ‘ಘಾಶೀರಾಮ್ ಕೋತ್ವಾಲ್’ ಬರೆದವರು. 1972ರಲ್ಲಿ ಈ ಕೊನೆಯ ಎರಡು ನಾಟಕಗಳು ರಂಗಕ್ಕೆ ಬಂದಾಗ ಎಂಥ ಗಲಾಟೆ ಆಯಿತು ಅಂತ ಮುಂಬಯಿ, ಪುಣೆಯವರಿಗೆ ಹೇಳಬೇಕಿಲ್ಲ. ಆಗ ಪ್ರಿಯಾಗೆ ಹದಿನೆಂಟು ವರ್ಷ. ಬರೆದದ್ದಕ್ಕೆ ಊರೆಲ್ಲ ತಿರುಗಿಬೀಳುವುದನ್ನೂ, ಬರೆದವನು ಆದರೂ ಮರುದಿನ ಮೇಜಿನ ಮುಂದೆ ಕೂರುವುದನ್ನೂ ಮನೆಯಲ್ಲೇ ನೋಡಿ ಬೆಳೆದ ಹುಡುಗಿ. ಇದನ್ನು ನೆನಪಿಡಿ. ರಜನಿಯ ನೆಟ್ಟ ನೋಟ ಕೇವಲ ನಿರ್ದೇಶಕರು ಹೇಳಿಕೊಟ್ಟದ್ದಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ದೊಡ್ಡವರ ಮಗಳು ಅಂತ ದಾರಿ ಸಲೀಸಾಗಿತ್ತು ಅಂದುಕೊಳ್ಳಬೇಡಿ. ಪಂಚತಾರಾ ಹೋಟೆಲಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದರು. ಗಗನಸಖಿಯಾಗಿದ್ದರು, ಮಾಡೆಲಿಂಗ್ ಮಾಡಿದರು, ಸುದ್ದಿ ಓದಿದರು. ಚಿತ್ರಕಲೆ ಕಲಿತಿದ್ದರು. ಇದರ ನಡುವೆ ನಾಟಕ. ಕೌಂಟರಿನ ಈಚೆ ನಿಂತು ಪ್ರಶ್ನೆ ಕೇಳುವ ಪಾತ್ರ ಮಾಡುವುದಕ್ಕೆ ಮುಂಚೆ ಅವರು ಕೌಂಟರಿನ ಆಚೆ ನಿಂತು ನಗುಮುಖದಲ್ಲಿ ಉತ್ತರ ಕೊಡುವ ಕೆಲಸವನ್ನು ಸಂಬಳಕ್ಕೆ ಮಾಡಿದ್ದರು!

ಈಗ ನಮ್ಮ ನಂಟು. ಅವರು ರಂಗದ ಮೇಲೆ ಬಂದ ಮೊದಲ ಪಾತ್ರ ಯಾವುದು ಗೊತ್ತೇ? ನಮ್ಮ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಗೊಂಬೆ. ಆ ನಾಟಕದಲ್ಲಿ ಎರಡು ಗೊಂಬೆಗಳಿವೆ. ಮನೆಯೊಳಗೆ ನಡೆಯುವುದನ್ನೆಲ್ಲ, ಪದ್ಮಿನಿಯ ಕನಸನ್ನೂ ಬಿಡದೆ ನೋಡುತ್ತವೆ, ನೋಡಿದ್ದನ್ನು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತವೆ. ಒಂದು ಗೊಂಬೆ ಪ್ರಿಯಾ, ಇನ್ನೊಂದು ಕಲ್ಪನಾ ಲಾಜ್ಮಿ. ಕಲ್ಪನಾ ಅಂದರೆ ಗುರುದತ್ ಅವರ ತಂಗಿ ಲಲಿತಾ ಲಾಜ್ಮಿಯವರ ಮಗಳು, ಮುಂದೆ ‘ರುದಾಲಿ’ ನಿರ್ದೇಶಿಸಿದವರು. ಕಾರ್ನಾಡರಿಗೂ ತೆಂಡೂಲ್ಕರರಿಗೂ ಹಳೆಯ ಕೊಡುಕೊಳ್ಳುವಿಕೆ. ‘ತುಘಲಕ್’ ಅನ್ನು ಮರಾಠಿಗೆ ತಂದವರು ತೆಂಡೂಲ್ಕರರೇ. ಅವರು ಚಿತ್ರಕಥೆ ಬರೆದ ‘ಉಂಬರಠಾ’ದಲ್ಲಿ ಸ್ಮಿತಾ ಪಾಟೀಲರ ಗಂಡನಾಗಿ ಬಂದವರು ಕಾರ್ನಾಡರು. ಮುಂಬಯಿ ಅನ್ನುವುದು ಆಗ ಹಾಗಿತ್ತು. ದಾದರಿನ ಒಂದು ತಾಲೀಮು ಕೋಣೆಯಲ್ಲಿ ಕನ್ನಡದ ನಾಟಕ, ಮರಾಠಿಯ ನಟಿ, ಹಿಂದಿಯ ಮಾತು, ಗುಜರಾತಿಯ ಚಹಾ.

1974ರಲ್ಲಿ ಶ್ಯಾಮ್ ಬೆನೆಗಲ್‌ರ ‘ಅಂಕುರ್’ ಬಂತು. ಅದರಲ್ಲಿ ನಮ್ಮ ಅನಂತನಾಗ್ ಜಮೀನ್ದಾರರ ಮಗ. ಶಬಾನಾ ಆಜ್ಮಿ ಲಕ್ಷ್ಮಿ. ಅನಂತನಾಗ್‌ರ ಎಳೆಯ ಹೆಂಡತಿಯಾಗಿ ಊರಿಗೆ ಬಂದು, ಸುತ್ತ ಒಮ್ಮೆ ಕಣ್ಣಾಡಿಸಿ, ಎಲ್ಲ ಅರ್ಥ ಮಾಡಿಕೊಳ್ಳುವ ಹುಡುಗಿ ಪ್ರಿಯಾ. ಸಣ್ಣ ಪಾತ್ರ. ಶಬಾನಾ ಎದುರಿಗೆ ಯಾರಿಗೂ ಇನ್ನೊಬ್ಬರು ನೆನಪಿರುವುದು ಕಷ್ಟ. ಆದರೂ ಇನ್ನೊಮ್ಮೆ ನೋಡುವಾಗ ಆ ಹುಡುಗಿಯ ಕಣ್ಣು ನೋಡಿ.

1980ರಲ್ಲಿ ‘ಮಿಂಚಿನ ಓಟ’. ಶಂಕರನಾಗ್ ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕದಿಯುವವರು ಜೈಲಿಗೆ ಬೀಳುವ, ಅಲ್ಲಿಂದ ತಪ್ಪಿಸಿಕೊಳ್ಳಲು ನೋಡುವ ಕತೆ. ಅಣ್ಣ ತಮ್ಮ ಇಬ್ಬರೂ ಇದ್ದಾರೆ, ಲೋಕನಾಥ್, ರಮೇಶ್ ಭಟ್ ಇದ್ದಾರೆ. ನಾಯಕಿ ಪ್ರಿಯಾ ತೆಂಡೂಲ್ಕರ್. ಮುಂಬಯಿಯ ರಂಗಭೂಮಿಯಲ್ಲಿ ಬೆಳೆದ ಶಂಕರ್ ತಮ್ಮ ಮೊದಲ ಕನ್ನಡ ಚಿತ್ರಕ್ಕೆ ನಾಯಕಿಯನ್ನೂ ಮುಂಬಯಿಯಿಂದಲೇ ಕರೆದೊಯ್ದರು. ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ಕ್ಕೆ, ಪ್ರಿಯಾಗಿಂತ ಮೂರು ವಾರ ಚಿಕ್ಕವರು. ಇಬ್ಬರೂ ಮುಂದೆ ದೂರದರ್ಶನದಿಂದ ದೇಶಕ್ಕೆಲ್ಲ ಗೊತ್ತಾದರು. ಅವಳು 1985ರಲ್ಲಿ ‘ರಜನಿ’ಯಿಂದ, ಅವನು ‘ಮಾಲ್ಗುಡಿ ಡೇಸ್’ನಿಂದ. ಇಬ್ಬರಿಗೂ ಆಯುಷ್ಯ ಕಡಿಮೆ ಬರೆದಿತ್ತು. ಶಂಕರ್ 1990ರಲ್ಲಿ ದಾವಣಗೆರೆಯ ಬಳಿ ಅಪಘಾತದಲ್ಲಿ ಹೋದರು, ಮೂವತ್ತೈದಕ್ಕೆ.

ಪ್ರಿಯಾ ಮರಾಠಿ ಚಿತ್ರಗಳಲ್ಲೂ ಸಾಕಷ್ಟು ಮಾಡಿದರು, ಹಗುರವಾದ ಹಾಸ್ಯಚಿತ್ರಗಳಲ್ಲಿ ಅಶೋಕ್ ಸರಾಫ್, ರವೀಂದ್ರ ಮಹಾಜನಿ ಮುಂತಾದವರ ಜೊತೆ. ಅದನ್ನೆಲ್ಲ ಹೇಳುತ್ತ ಹೋದರೆ ಪಟ್ಟಿಯಾಗುತ್ತದೆ. ‘ರಜನಿ’ಗೇ ಬರುತ್ತೇನೆ.

ಆ ಪಾತ್ರ ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯ ಬೀದಿಯಲ್ಲಿ ಅಂಥ ಹೆಂಗಸರು ಮೊದಲೇ ಇದ್ದರು. ಗೋರೆಗಾಂವ್‌ನ ಮೃಣಾಲ್ ಗೋರೆ ಅವರನ್ನು ಜನ ‘ಪಾಣೀವಾಲೀ ಬಾಯಿ’ ಅಂತಲೇ ಕರೆಯುತ್ತಿದ್ದರು, ಉಪನಗರಕ್ಕೆ ನಲ್ಲಿನೀರು ತರಿಸಲು ಹೋರಾಡಿದ್ದಕ್ಕೆ. 1972ರಲ್ಲಿ ಅಹಿಲ್ಯಾ ರಾಂಗಣೇಕರ್, ಪ್ರಮೀಳಾ ದಂಡವತೆ ಮೊದಲಾದವರ ಜೊತೆ ಸೇರಿ ಬೆಲೆಯೇರಿಕೆಯ ವಿರುದ್ಧ ಮಹಿಳೆಯರ ಒಕ್ಕೂಟ ಕಟ್ಟಿದರು. ಅವರು ತೆಗೆದ ಮೋರ್ಚಾಗಳಿಗೆ ಹೆಂಗಸರು ಲಾಟಣೆ ಹಿಡಿದು ಬಂದರು. ನಮ್ಮ ಕಡೆ ಲಟ್ಟಣಿಗೆ ಅನ್ನುತ್ತೇವಲ್ಲ, ಅದೇ. ಚಪಾತಿ ಒತ್ತುವ ಕೈ ಯಾವ ಭಾಷೆಯದಾದರೇನು! ಗ್ರಾಹಕರ ಸಂಘಟನೆಗಳೂ ಈ ಊರಿನಲ್ಲಿ ಅರವತ್ತು, ಎಪ್ಪತ್ತರ ದಶಕದಲ್ಲೇ ಶುರುವಾಗಿದ್ದವು, ಅಲ್ಲಿಯೂ ಗೃಹಿಣಿಯರೇ ಮುಂದೆ. ಹೀಗೆ ಹತ್ತಾರು ವರ್ಷ ಬಿಸಿಲಲ್ಲಿ ನಿಂತವರ ಸಿಟ್ಟು ರಜನಿಯ ಬಾಯಿಯಲ್ಲಿ ಮಾತಾಯಿತು. 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ರಜನಿಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಮೋರ್ಚಾಕ್ಕೆ ಹೋದವರಿಗೆ ಅನ್ಯಾಯ. ಆದರೆ ಕಾಯಿದೆ ಬರುವ ಹೊತ್ತಿಗೆ ‘ಗ್ರಾಹಕ’ ಅಂದರೆ ಯಾರು ಅಂತ ಮನೆಮನೆಗೆ ಗೊತ್ತಾಗಿತ್ತು, ಅದಕ್ಕೊಂದು ಮುಖ ಇತ್ತು.

ಬಿಸಿ ತಟ್ಟಿದ್ದು ಟ್ಯಾಕ್ಸಿಯ ಕಂತಿನಲ್ಲಿ. ಮುಂಬಯಿಯ ಟ್ಯಾಕ್ಸಿ ಚಾಲಕರು ನಮ್ಮನ್ನೆಲ್ಲ ಕೆಟ್ಟವರಂತೆ ತೋರಿಸಿದ್ದಾರೆ ಅಂತ ಸಿಟ್ಟಾಗಿ ಪ್ರತಿಭಟನೆ ಮಾಡಿದರು. ನನಗೆ ಅವರ ಬಗ್ಗೆಯೂ ಸ್ವಲ್ಪ ಮರುಕವಿದೆ. ಬಿಸಿಲಲ್ಲಿ ಹತ್ತು ಹನ್ನೆರಡು ಗಂಟೆ ಓಡಿಸುವವನಿಗೂ ಒಂದು ಕತೆ ಇರುತ್ತದೆ. ರಜನಿಯ ಒಂದು ಕೊರತೆ ಅದೇ ಅಂತ ಈಗ ಅನ್ನಿಸುತ್ತದೆ. ಕೌಂಟರಿನ ಆಚೆಯ ಸಣ್ಣ ನೌಕರನೇ ಎಷ್ಟೋ ಸಲ ಖಳನಾಗಿಬಿಡುತ್ತಿದ್ದ, ಅವನ ಮೇಲಿನವರು ಕಾಣಿಸುತ್ತಲೇ ಇರಲಿಲ್ಲ. ಆದರೂ, ಒಂದು ಧಾರಾವಾಹಿ ನೋಡಿ ಚಾಲಕರು ಬೀದಿಗಿಳಿದರು ಅಂದರೆ ಆ ಹುಡುಗಿಯ ಮಾತು ಎಷ್ಟು ನಿಜ ಅನ್ನಿಸಿತ್ತು ಯೋಚಿಸಿ.

ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಜನ ಅವರನ್ನು ಪ್ರಿಯಾ ಅನ್ನುವುದನ್ನು ಬಿಟ್ಟರು. ಎಲ್ಲಿ ಹೋದರೂ ರಜನಿ. ತಮ್ಮ ದೂರು ಹಿಡಿದು ಅವರ ಹತ್ತಿರವೇ ಬರುತ್ತಿದ್ದರು. ಫೋನು ಸತ್ತಿದೆ, ರೇಷನ್ ಬಂದಿಲ್ಲ, ನೀವೇ ಏನಾದರೂ ಮಾಡಿ. ನಟಿ ಅಂದರೆ ಬರೆದುಕೊಟ್ಟ ಮಾತು ಹೇಳುವವಳು. ಆದರೆ ಜನ ಹಾಗೆ ನೋಡಲಿಲ್ಲ. ಅದು ಪ್ರೀತಿಯೇ, ಅಲ್ಲ ಅನ್ನುವುದಿಲ್ಲ. ಆದರೆ ಮೂವತ್ತರ ಹುಡುಗಿಗೆ ಒಂದೇ ಅಂಗಿ ಹೊಲಿಸಿ, ಜನ್ಮವಿಡೀ ಇದನ್ನೇ ಹಾಕಿಕೋ ಅಂದರೆ ಹೇಗೆ? ಆಮೇಲೆ ಏನು ಮಾಡಿದರೂ ‘ರಜನಿಯಂತೆ ಇಲ್ಲವಲ್ಲ’ ಅನ್ನುವ ಮಾತು.

ಅವರು ಮಾಡಿದ್ದು ನನಗೆ ಇಷ್ಟ. ಆ ಹೆಸರನ್ನು ಕಿತ್ತೆಸೆಯಲೂ ಇಲ್ಲ, ಅದರೊಳಗೆ ಮುಳುಗಲೂ ಇಲ್ಲ. ತೊಂಬತ್ತರ ದಶಕದಲ್ಲಿ ಖಾಸಗಿ ಚಾನೆಲ್‌ಗಳು ಬಂದಾಗ ತಮ್ಮದೇ ಹೆಸರಿನ ಮಾತುಕತೆಯ ಕಾರ್ಯಕ್ರಮ ನಡೆಸಿದರು. ‘ಪ್ರಿಯಾ ತೆಂಡೂಲ್ಕರ್ ಶೋ’. ಗಮನಿಸಿ, ‘ರಜನಿ ಶೋ’ ಅಲ್ಲ. ಅಲ್ಲಿ ಬರೆದುಕೊಟ್ಟ ಸಂಭಾಷಣೆ ಇಲ್ಲ, ಎದುರಿಗೆ ನಿಜವಾದ ಜನ, ಪ್ರಶ್ನೆ ತನ್ನದೇ. ಹಾಗೆ ಮುಖಾಮುಖಿ ಕೂತು ಹೆಣ್ಣೊಬ್ಬಳು ಸಾರ್ವಜನಿಕ ವಿಷಯ ಕೆದಕುವುದು ನಮ್ಮ ಟೀವಿಯಲ್ಲಿ ಆಗಿನ್ನೂ ಹೊಸದು.

ಜೊತೆಗೆ ಬರೆದರು. ಮರಾಠಿಯಲ್ಲಿ ಕತೆಗಳನ್ನು ಬರೆದರು. ಒಂದು ಸಂಕಲನದ ಹೆಸರು ‘ಜ್ಯಾಚಾ ತ್ಯಾಚಾ ಪ್ರಶ್ನ’. ಅಂದರೆ, ಅವರವರ ಪ್ರಶ್ನೆ ಅವರವರದು. ಊರವರ ಪ್ರಶ್ನೆಯನ್ನೆಲ್ಲ ತಲೆಗೆ ಹಚ್ಚಿಕೊಳ್ಳುವ ಪಾತ್ರದಿಂದ ಹೆಸರಾದವಳು ತನ್ನ ಪುಸ್ತಕಕ್ಕೆ ಇಟ್ಟ ಹೆಸರು ನೋಡಿ! ಮರಾಠಿ ಓದುವವರು ನಮ್ಮಲ್ಲಿ ಬಹಳ ಇದ್ದೀರಿ, ಲೈಬ್ರರಿಯಲ್ಲಿ ಕೇಳಿ. ಸಾಧ್ಯವಾದರೆ ಯಾರಾದರೂ ಒಂದು ಕತೆ ಕನ್ನಡಕ್ಕೆ ತನ್ನಿ, ಮುಂದಿನ ಸಂಚಿಕೆಗೆ ಆಗುತ್ತದೆ.

‘ರಜನಿ’ಯಲ್ಲಿ ಗಂಡನ ಪಾತ್ರ ಮಾಡಿದ ಕರಣ್ ರಾಜ್ದಾನ್ ಅವರನ್ನೇ 1988ರಲ್ಲಿ ಮದುವೆಯಾದರು. 1995ರಲ್ಲಿ ಬೇರೆಯಾದರು. ಅದು ಅವರ ಮನೆಯ ವಿಷಯ, ನಾನು ಹೆಚ್ಚು ಹೇಳುವುದಿಲ್ಲ. ಆ ದಿನಗಳಲ್ಲಿ ನಮ್ಮ ಮಹಿಳಾ ಮಂಡಲಗಳಲ್ಲೇ “ಊರಿಗೆಲ್ಲ ಬುದ್ಧಿ ಹೇಳಿದವಳು” ಅಂತ ನಡೆದ ಮಾತು ನನಗೆ ನೆನಪಿದೆ. ಪ್ರಶ್ನೆ ಕೇಳುವ ಹೆಂಗಸಿನ ಮನೆ ಮುರಿದರೆ ಕೆಲವರಿಗೆ ಒಳಗೊಳಗೇ ಸಮಾಧಾನ. ಬುದ್ಧಿ ಹೇಳಿದ್ದು ರಜನಿ, ಮದುವೆ ಮುರಿದದ್ದು ಪ್ರಿಯಾಳದ್ದು ಅಂತ ಬೇರೆ ಮಾಡಿ ನೋಡಲು ಜನಕ್ಕೆ ಆಗಲಿಲ್ಲ.

1995ರಲ್ಲೇ ‘ಹಮ್ ಪಾಂಚ್’ ಬಂತು. ಅದು ನಮ್ಮ ಮಧ್ಯವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಐದು ಹೆಣ್ಣುಮಕ್ಕಳ ಅಪ್ಪ ಅಶೋಕ್ ಸರಾಫ್. ಗೋಡೆಯ ಮೇಲೆ ಸತ್ತುಹೋದ ಮೊದಲ ಹೆಂಡತಿಯ ಫೋಟೋ. ಆ ಫೋಟೋ ಮಾತಾಡುತ್ತದೆ, ಬೈಯುತ್ತದೆ, ಸಲಹೆ ಕೊಡುತ್ತದೆ. ಚೌಕಟ್ಟಿನೊಳಗಿನ ಮುಖ ಪ್ರಿಯಾ ತೆಂಡೂಲ್ಕರ್. ಮೊದಲ ಪಾತ್ರ ಮಾತಾಡುವ ಗೊಂಬೆ, ಹತ್ತಾರು ವರ್ಷ ಕಳೆದ ಮೇಲೆ ಮಾತಾಡುವ ಫೋಟೋ! ಅಲ್ಲಾಡುವ ಹಾಗಿಲ್ಲ, ಇದ್ದಲ್ಲೇ ಇದ್ದು ನಗಿಸಬೇಕು. ಮಾಡಿ ನೋಡಿದರೆ ತಿಳಿಯುತ್ತದೆ ಅದೆಷ್ಟು ಕಷ್ಟ ಅಂತ. ಅದೇ ಧಾರಾವಾಹಿಯಲ್ಲಿ ಒಬ್ಬ ಮಗಳಾಗಿ ಬಂದ ಚೆಂಬೂರಿನ ಹುಡುಗಿ ವಿದ್ಯಾ ಬಾಲನ್.

ಆ ಧಾರಾವಾಹಿಯ ನಿರ್ಮಾಣದಲ್ಲಿದ್ದ ಏಕ್ತಾ ಕಪೂರ್ 2000ದಿಂದ ದಿನನಿತ್ಯದ ಅತ್ತೆ-ಸೊಸೆ ಧಾರಾವಾಹಿಗಳ ಕಾಲವನ್ನೇ ತಂದರು. ರಜನಿ ವಾರಕ್ಕೊಮ್ಮೆ ಬರುತ್ತಿದ್ದಳು, ಮನೆಯಿಂದ ಹೊರಗೆ ಹೋಗುತ್ತಿದ್ದಳು. ಹೊಸಬರು ದಿನಾ ಬರುತ್ತಾರೆ, ಮನೆಯೊಳಗೇ ಇರುತ್ತಾರೆ. ನಾನೂ ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ದಿನಾ ಬರಬೇಕಾದರೆ ದಿನಾ ದುಡಿಯಬೇಕಲ್ಲ. ಗೋರೆಗಾಂವ್ ಫಿಲ್ಮ್‌ಸಿಟಿ, ಮಢ್, ಮೀರಾ ರೋಡ್, ನಾಯಗಾಂವ್‌ನ ಸೆಟ್ಟುಗಳಲ್ಲಿ ಹನ್ನೆರಡು ಗಂಟೆಯ ಶಿಫ್ಟು, ಕೆಲವೊಮ್ಮೆ ಮೇಲೂ. ದುಡಿದ ಹಣ ಕೈಗೆ ಬರುವುದಕ್ಕೆ ತೊಂಬತ್ತು ದಿನ ಅನ್ನುವುದು ಅಲ್ಲಿಯ ರೂಢಿ. ಈ ಊರಿನ ಹುಡುಗಿ ಅವಿಕಾ ಗೋರ್ ‘ಬಾಲಿಕಾ ವಧು’ವಿನ ಆನಂದಿಯಾದಾಗ ಅವಳಿಗೆ ಹನ್ನೊಂದು ವರ್ಷ. ಮುಂದೆ ಅವಳು ಕನ್ನಡದಲ್ಲೂ ‘ಕೇರ್ ಆಫ್ ಫುಟ್‌ಪಾತ್ 2’ ಚಿತ್ರದಲ್ಲಿ ಮಾಡಿದಳು. ದೊಡ್ಡ ಆನಂದಿಯಾಗಿ ಬಂದವಳು ಜಮ್‌ಶೆಡ್‌ಪುರದ ಪ್ರತ್ಯೂಷಾ ಬ್ಯಾನರ್ಜಿ. 2016ರ ಏಪ್ರಿಲ್ 1ರಂದು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಇದೇ ಮುಂಬಯಿಯಲ್ಲಿ ತೀರಿಕೊಂಡಳು. ಮರುದಿನದ ಪತ್ರಿಕೆಗಳಲ್ಲಿ ಅವಳ ಹೆಸರಿನ ಜೊತೆಗೇ ‘ಆನಂದಿ’ ಇತ್ತು.

ಅದಕ್ಕೇ ನಮ್ಮ ಹುಡುಗಿಯರಿಗೆ, ಅವರ ಅಮ್ಮಂದಿರಿಗೆ ಒಂದು ಮಾತು. ಆಡಿಷನ್‌ಗೆ ಹೋಗುತ್ತೇನೆ ಅಂದರೆ ತಡೆಯಬೇಡಿ. ಜೊತೆಗೆ ಕೂತು ಕರಾರಿನ ಕಾಗದ ಓದಿ. ಶಿಫ್ಟು ಎಷ್ಟು ಗಂಟೆ, ಹಣ ಯಾವಾಗ, ರಾತ್ರಿ ಮನೆಗೆ ಬಿಡುವ ಗಾಡಿ ಯಾರದು. ರಜನಿಯಾಗಿದ್ದರೆ ಕೇಳುತ್ತಿದ್ದ ಪ್ರಶ್ನೆಗಳು ಇವೇ ತಾನೆ? ಕ್ಯಾಮೆರಾ ಮುಂದೆ ಕೇಳುವುದು ಬೇರೆ, ಕ್ಯಾಮೆರಾ ಹಿಂದೆ ತನ್ನ ಸಲುವಾಗಿ ಕೇಳುವುದು ಬೇರೆ. ಎರಡನೆಯದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಪ್ರಿಯಾಗೆ ಸ್ತನದ ಕ್ಯಾನ್ಸರ್ ಬಂತು. 2001 ಆ ಮನೆಗೆ ಕೆಟ್ಟ ವರ್ಷ. ತಾಯಿ ತೀರಿಕೊಂಡರು, ಸಹೋದರ ತೀರಿಕೊಂಡರು. 2002ರ ಸೆಪ್ಟೆಂಬರ್ 19ರಂದು ಪ್ರಭಾದೇವಿಯ ಮನೆಯಲ್ಲಿ ಹೃದಯಾಘಾತವಾಗಿ ಪ್ರಿಯಾ ಹೋದರು. ನಲವತ್ತೆಂಟು ತುಂಬಲು ಒಂದು ತಿಂಗಳಿತ್ತು. ವಿಜಯ ತೆಂಡೂಲ್ಕರರು ಆಮೇಲೂ 2008ರ ಮೇ ತನಕ ಇದ್ದರು. ಮರುದಿನ ಸುದ್ದಿ ಓದಿದಾಗ ನಮ್ಮ ಅತ್ತೆಯವರಿಗೆ ಹೇಳಿದೆ. ಅವರಿಗೆ ಆಗ ಎಂಬತ್ತರ ಹತ್ತಿರ, ಪ್ರಿಯಾ ಅಂದರೆ ಗುರುತು ಸಿಗಲಿಲ್ಲ. ರಜನಿ ಅಂದೆ. “ಅಯ್ಯ, ಆ ಹುಡುಗಿ ಇನ್ನೂ ಸಣ್ಣಾಕಿ ಅಲ್ಲೇನ?” ಅಂದರು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ, ಚಹಾ ಆರುತ್ತಿದೆ. ‘ಮಿಂಚಿನ ಓಟ’ವನ್ನು ಮುಂದಿನ ತಿಂಗಳು ಇದೇ ಹಾಲಿನಲ್ಲಿ ಎಲ್ಲರೂ ಕೂತು ನೋಡೋಣ ಅಂತ ಸಮಿತಿಯವರನ್ನು ಕೇಳಿದ್ದೇನೆ. ಪ್ರೊಜೆಕ್ಟರ್ ಸಿಗುತ್ತದಂತೆ, ಪರದೆ ಸಿಗಬೇಕು. ಯಾರ ಮನೆಯಲ್ಲಾದರೂ ಬಿಳಿಯ ಡಬಲ್ ಬೆಡ್‌ಶೀಟ್, ಕಲೆ ಇಲ್ಲದ್ದು, ಇದ್ದರೆ ಕಾರ್ಯದರ್ಶಿಯವರ ಹತ್ತಿರ ಹೆಸರು ಕೊಡಿ.